3043ರ ಕಂಕಣ ಗ್ರಹಣ ಯಾದಗಿರಿಯಿಂದ ಕಾಣುತ್ತಾ? ಸಾವಿರ ವರ್ಷ ಮುಂದಿನದನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಕೋಟೆ ಕೆಳಗಿನ ಮನೆ (ಯಾದಗಿರಿ)
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ತರಗತಿ. ವಿಜ್ಞಾನ ಪ್ರದರ್ಶನಕ್ಕೆ ಒಂದು ಬರಹ ಕೊಡಬೇಕಂತೆ. ವಿಷಯ ಅವಳೇ ಆರಿಸಿಕೊಂಡಿದ್ದಾಳೆ. 3043ರ ಡಿಸೆಂಬರ್ 23ರಂದು ಒಬ್ಬ ಹುಡುಗಿ ಯಾದಗಿರಿ ಕೋಟೆ ಮೇಲೆ ನಿಂತು ಕಂಕಣ ಸೂರ್ಯಗ್ರಹಣ (ಚಂದ್ರ ಸೂರ್ಯನ ನಡುಭಾಗ ಮುಚ್ಚಿ ಸುತ್ತ ಬೆಳಕಿನ ಉಂಗುರ ಉಳಿಯುವುದು) ನೋಡುತ್ತಾಳೆ, ಅದರ ವರ್ಣನೆ. ಈ ತಾರೀಖು ಎಲ್ಲಿಂದ ಬಂತು ಅಂದರೆ, 2010ರ ಜನವರಿ 15ರ ಗ್ರಹಣದಲ್ಲಿ ಉಂಗುರ ಗರಿಷ್ಠ 11 ನಿಮಿಷ 8 ಸೆಕೆಂಡು ಇತ್ತು, ಅದನ್ನು ಮೀರಿಸುವ ಕಂಕಣ ಗ್ರಹಣ ಮತ್ತೆ ಬರುವುದು 3043ಕ್ಕೇ ಅಂತ ಎಲ್ಲೋ ಓದಿದ್ದಾಳೆ.

ನನಗೆ ಎರಡು ಅನುಮಾನ. ನಾಳೆ ಮಳೆ ಬರುತ್ತೋ ಇಲ್ಲವೋ ಸರಿಯಾಗಿ ಹೇಳೋಕೆ ಆಗದೆ ಪ್ರತಿ ವರ್ಷ ತೊಗರಿ ರಾಶಿ ತೋಯಿಸಿಕೊಳ್ಳುತ್ತೇವೆ. ಅಂಥದ್ದರಲ್ಲಿ 1000 ವರ್ಷ ಮುಂದಿನ ತಾರೀಖು ನಂಬಬಹುದಾ? ಎರಡನೇದು, ಅದು ಯಾದಗಿರಿಗೆ ಕಾಣುತ್ತಾ? ತಿಳಿದವರು ಹೇಳಿ. ಅವಳು ಬರೆದಿದ್ದು ಸ್ವಲ್ಪ ಹಾಕುತ್ತೇನೆ: "ನಡುಮಧ್ಯಾಹ್ನ ಕಗ್ಗತ್ತಲು ಕವಿಯಿತು. ನಕ್ಷತ್ರಗಳು ಮೂಡಿದವು. ಹಕ್ಕಿಗಳು ಗೂಡಿಗೆ ಮರಳಿದವು."

ತೊಗರಿ ಕಣಜ
ಚಂದ ಬರೆದಿದ್ದಾಳೆ ಅಣ್ಣ. ಆದರೆ 3043ರಲ್ಲಿ ಕೋಟೆ ಉಳಿದಿರುತ್ತಾ ಅದನ್ನು ಮೊದಲು ಕೇಳಿ 😀

ಲೆಕ್ಕದ ಮಾಸ್ತರ
ಮೊದಲು ತಾರೀಖಿನ ಮಾತು. ನಂಬಬಹುದು. ಮಳೆಗೂ ಗ್ರಹಣಕ್ಕೂ ಹೋಲಿಕೆ ಬೇಡ. ಮಳೆಗೆ ಗಾಳಿ, ತೇವ, ಸಮುದ್ರದ ಬಿಸಿ ಎಲ್ಲ ಸೇರಬೇಕು, ಸಣ್ಣ ವ್ಯತ್ಯಾಸ ನಾಲ್ಕೇ ದಿನದಲ್ಲಿ ದೊಡ್ಡದಾಗುತ್ತದೆ. ಗ್ರಹಣಕ್ಕೆ ಸೂರ್ಯ, ಭೂಮಿ, ಚಂದ್ರ ಮೂರೇ ಮುಖ್ಯ. ಉಳಿದ ಗ್ರಹಗಳ ಸೆಳೆತ ಇದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಚಂದ್ರನ ಮೇಲೆ ಅಪೋಲೋದವರು ಕನ್ನಡಿ ಇಟ್ಟು ಬಂದಿದ್ದಾರಲ್ಲ, ಅದಕ್ಕೆ ಲೇಸರ್ ಬಿಟ್ಟು ದೂರ ಅಳೆಯುತ್ತಾರೆ. ಹಾಗಾಗಿ ಚಂದ್ರ ಯಾವ ದಿನ ಎಲ್ಲಿರುತ್ತಾನೆ ಅನ್ನೋದು ಸಾವಿರ ವರ್ಷಕ್ಕೆಲ್ಲ ದಿನ ತಪ್ಪುವ ಹಾಗೆ ಕೆಡುವುದಿಲ್ಲ.

ಯಾದಗಿರಿ ವಿಷಯ ಬೇರೆ. ಅದಕ್ಕೆ ಸಂಜೆ ಬರೆಯುತ್ತೇನೆ, ಈಗ ಪೇಪರ್ ತಿದ್ದುವುದಿದೆ.

ಬಿದರಿ ಕೆಲಸ
ನಾಸಾದವರ ಗ್ರಹಣ ಪಟ್ಟಿ ಕ್ರಿ.ಶ. 3000ಕ್ಕೇ ನಿಲ್ಲುತ್ತದೆ. ನಾನೇ ನೋಡಿದ್ದೇನೆ. ಹಾಗಾದರೆ ಈ 3043 ಎಲ್ಲಿಂದ ಬಂತು? ವಾಟ್ಸಾಪಿನಲ್ಲಿ ಬಂದಿದ್ದೆಲ್ಲ ಖರೇ ಅಂದುಕೊಳ್ಳಬೇಡಿ.

ಸೇಡಂ ಕಲ್ಲು
ಪಟ್ಟಿ 3000ಕ್ಕೆ ನಿಲ್ಲುವುದು ಹೌದು. 5000 ವರ್ಷದ ಪಟ್ಟಿ ಅಂತ ಮಾಡಿದ್ದು, ಅಲ್ಲಿಗೆ ನಿಂತಿದೆ, ಅಷ್ಟೇ. ಲೆಕ್ಕ ಮುಂದಕ್ಕೂ ಓಡುತ್ತದೆ. 2010ರ ಗ್ರಹಣದ ಹೊತ್ತಿಗೆ ನಾಸಾದವರೇ ಈ 3043ರ ತಾರೀಖು ಹಾಕಿದ್ದರು. ವಾಟ್ಸಾಪ್ ಸರಕಲ್ಲ.

ಚಿಂಚೋಳಿ ಕಾಡು
ಚಂದ್ರ ವರ್ಷಕ್ಕೆ ಇಷ್ಟಿಷ್ಟೇ ದೂರ ಹೋಗುತ್ತಾ ಇದ್ದಾನೆ ಅಂತ ಕೇಳಿದ್ದೆ. ದೂರ ಹೋದರೆ ಸಣ್ಣಗೆ ಕಾಣುತ್ತಾನೆ, ಸೂರ್ಯನನ್ನು ಪೂರ್ತಿ ಮುಚ್ಚೋಕೆ ಆಗಲ್ಲ. ಅದಕ್ಕೇ 3043ರಲ್ಲಿ ಅಷ್ಟು ದೊಡ್ಡ ಉಂಗುರ ಇರಬೇಕು ಅಲ್ವಾ?

ಸೇಡಂ ಕಲ್ಲು
ಅಲ್ಲ ಅಕ್ಕ. ಚಂದ್ರ ದೂರ ಸರಿಯುವುದು ವರ್ಷಕ್ಕೆ 3.8 ಸೆಂ.ಮೀ. ಸಾವಿರ ವರ್ಷಕ್ಕೆ ಹೆಚ್ಚು ಕಡಿಮೆ 38 ಮೀಟರ್. ಒಂದು ಕ್ರಿಕೆಟ್ ಮೈದಾನದ ಬೌಂಡರಿಯಷ್ಟೂ ಆಗಲಿಲ್ಲ. ಆದರೆ ಪ್ರತಿ ತಿಂಗಳೂ ಅವನ ದೂರ ಸುಮಾರು 3.6 ಲಕ್ಷ ಕಿ.ಮೀ.ಯಿಂದ 4 ಲಕ್ಷ ಕಿ.ಮೀ. ದಾಟುವ ತನಕ ಹಿಂದೆ ಮುಂದೆ ಆಗುತ್ತದೆ. ಉಂಗುರ ಆಗುವುದು ಅದರಿಂದ. ದೂರ ಇದ್ದಾಗ ಗ್ರಹಣ ಬಿದ್ದರೆ ಕಂಕಣ, ಹತ್ತಿರ ಇದ್ದಾಗ ಬಿದ್ದರೆ ಪೂರ್ಣ. ನೀವು ಹೇಳಿದ್ದು ಆಗುವುದಕ್ಕೆ ಸುಮಾರು 60 ಕೋಟಿ ವರ್ಷ ಬೇಕು. ಆಮೇಲೆ ಭೂಮಿಗೆ ಪೂರ್ಣ ಗ್ರಹಣವೇ ಇಲ್ಲ, ಬರೀ ಕಂಕಣ ಮತ್ತು ಪಾರ್ಶ್ವ.

ಚಿಂಚೋಳಿ ಕಾಡು
60 ಕೋಟಿ ವರ್ಷ! ಸರಿ, ಅಷ್ಟರಲ್ಲಿ ನಮ್ಮ ರಸ್ತೆ ಆಗಬಹುದು.

ಅಫಜಲಪುರದ ಸೊಸೆ
2010ರದ್ದು 11 ನಿಮಿಷ, 2019ರಲ್ಲಿ ಮಂಗಳೂರು, ಕೊಡಗು ಕಡೆ ಕಂಡಿದ್ದು ಬರೀ ಎರಡು ಮೂರು ನಿಮಿಷ. ಎರಡೂ ಚಳಿಗಾಲದ್ದೇ. ಇಷ್ಟು ಫರಕು ಯಾಕೆ?

ಲೆಕ್ಕದ ಮಾಸ್ತರ
ಪೇಪರ್ ಮುಗಿಯಲಿಲ್ಲ, ಆದರೂ ಬಂದೆ.

ದೊಡ್ಡ ಹಂಚಿನ ಮೇಲೆ ಸಣ್ಣ ರೊಟ್ಟಿ ಹಾಕಿದರೆ ಸುತ್ತ ಹಂಚು ಕಾಣುತ್ತದಲ್ಲ, ಅದೇ ಕಂಕಣ. ರೊಟ್ಟಿ ಸಣ್ಣದಾದಷ್ಟೂ ಅಂಚು ಅಗಲ. 2010ರ ಜನವರಿ 15ಕ್ಕೆ ಮೂರು ಸಂಗತಿ ಕೂಡಿ ಬಂದವು. ಭೂಮಿ ಸೂರ್ಯನಿಗೆ ತೀರ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಹಾಗಾಗಿ ಸೂರ್ಯ ದೊಡ್ಡದಾಗಿ ಕಂಡ. ಚಂದ್ರ ತನ್ನ ದೂರದ ತುದಿ ಮುಟ್ಟುವುದಕ್ಕೆ ಎರಡು ದಿನ ಬಾಕಿ, ಹಾಗಾಗಿ ಅವನು ಸಣ್ಣ. ಮೂರನೇದು, ನೆರಳು ನಡುಹಗಲಲ್ಲಿ ಸಮಭಾಜಕ ವೃತ್ತದ ಹತ್ತಿರ ಬಿತ್ತು. ಅಲ್ಲಿ ನೆಲ ಜೋರಾಗಿ ಪೂರ್ವಕ್ಕೆ ತಿರುಗುತ್ತದೆ, ನೆರಳೂ ಪೂರ್ವಕ್ಕೇ ಓಡುತ್ತದೆ. ನಾವು ನೆರಳಿನ ಜೊತೆಗೇ ಓಡಿದ ಹಾಗೆ ಆಗುತ್ತದೆ, ಅದಕ್ಕೆ ಉಂಗುರ ಹೆಚ್ಚು ಹೊತ್ತು ಉಳಿಯುತ್ತದೆ. 2019ರ ಡಿಸೆಂಬರಿನಲ್ಲಿ ಸೂರ್ಯ ದೊಡ್ಡದೇ ಇದ್ದ, ಆದರೆ ಚಂದ್ರ ಅಷ್ಟು ದೂರ ಇರಲಿಲ್ಲ. ಅದಕ್ಕೆ ತೆಳು ಉಂಗುರ, ಗರಿಷ್ಠ 3 ನಿಮಿಷ 40 ಸೆಕೆಂಡು.

ಇದೇ ಲೆಕ್ಕ ನಿಮ್ಮ ಮಗಳ ಬರಹಕ್ಕೂ ಬೇಕು ಕೋಟೆ ಸರ್. ಉಂಗುರ ಹೆಚ್ಚು ಹೊತ್ತು ಅಂದರೆ ಉಂಗುರ ದಪ್ಪ. ಉಂಗುರ ದಪ್ಪ ಅಂದರೆ ಬೆಳಕು ಜಾಸ್ತಿ. 2010ರಲ್ಲಿ ಸೂರ್ಯನ ಅಗಲದ ಸುಮಾರು 92 ಭಾಗ ಮುಚ್ಚಿತ್ತು, ವಿಸ್ತೀರ್ಣದ ಲೆಕ್ಕದಲ್ಲಿ ಸುಮಾರು 84. ಅಂದರೆ ಆರರಲ್ಲಿ ಒಂದು ಪಾಲು ಬಿಸಿಲು ಉಳಿದೇ ಇತ್ತು. ಕಗ್ಗತ್ತಲು ಆಗಲ್ಲ, ನಕ್ಷತ್ರ ಮೂಡಲ್ಲ. ಅದೆಲ್ಲ ಪೂರ್ಣ ಗ್ರಹಣದ ವರ್ಣನೆ.

ಗಾಣಗಾಪುರ ಸಂಗಮ
ನಾನು 2010ರಲ್ಲಿ ಧನುಷ್ಕೋಟಿಗೆ ಹೋಗಿದ್ದೆ. ಸಂಕ್ರಾಂತಿ ಮರುದಿನ. ಮಾಸ್ತರರು ಹೇಳಿದ್ದು ನಿಜ. ಕತ್ತಲಾಗುತ್ತದೆ ಅಂತ ಕಾಯುತ್ತಿದ್ದವರಿಗೆ ಬೇಜಾರಾಯಿತು. ಆದರೆ ಆ ಬೆಳಕು ಇದೆಯಲ್ಲ, ಅದು ಸಂಜೆಯ ಬೆಳಕೂ ಅಲ್ಲ, ಮೋಡದ ಬೆಳಕೂ ಅಲ್ಲ. ಸೂರ್ಯ ನೆತ್ತಿ ಮೇಲಿದ್ದಾನೆ, ಆಕಾಶ ನೀಲಿ ಇದೆ, ಆದರೂ ಮರಳು ಬೂದಿ ಬಣ್ಣ. ಎದುರಿಗೆ ನಿಂತವರ ಮುಖ ಸಪ್ಪೆ. ಚರ್ಮದ ಮೇಲೆ ಬಿಸಿಲಿನ ಚುರುಕೇ ಇಲ್ಲ. ಜನ ತಾವಾಗಿಯೇ ದನಿ ತಗ್ಗಿಸಿ ಮಾತಾಡತೊಡಗಿದರು. ಕನ್ನಡಕದಲ್ಲಿ ನೋಡಿದರೆ ಉಂಗುರದ ದಪ್ಪ ಮೊದಲು ಒಂದು ಕಡೆ ಜಾಸ್ತಿ, ನಡುವೆ ಸಮ, ಆಮೇಲೆ ಇನ್ನೊಂದು ಕಡೆ ಜಾಸ್ತಿ. ಹತ್ತು ನಿಮಿಷಕ್ಕೂ ಮೀರಿ ಇತ್ತು, ಹಾಗಾಗಿ ಅವಸರವೇ ಇಲ್ಲ. ಪಕ್ಕದವರು ನಡುವೆ ಬುತ್ತಿ ಬಿಚ್ಚಿ ಒಂದು ತುತ್ತು ತಿಂದು ಮತ್ತೆ ನೋಡಿದರು, ಕೆಲವರು ಅವರನ್ನು ಕೆಕ್ಕರಿಸಿ ನೋಡಿದ್ದೂ ಆಯಿತು.

ಮಗಳಿಗೆ ಇದನ್ನು ಹೇಳಿ. ಬೇವಿನ ಮರದ ಕೆಳಗೆ ನೆಲ ನೋಡಬೇಕು. ಎಲೆ ಸಂದಿಯಿಂದ ಬೀಳುವ ಒಂದೊಂದು ಬಿಸಿಲ ಚುಕ್ಕೆಯೂ ಉಂಗುರವಾಗಿರುತ್ತದೆ. ಕೋಟೆ ಮೇಲೆ ಮರ ಇಲ್ಲದಿದ್ದರೆ ಎರಡು ಕೈಯ ಬೆರಳು ಅಡ್ಡಡ್ಡ ಇಟ್ಟು ಸಂದಿ ಮಾಡಿದರೂ ಸಾಕು.

ಕೋಟೆ ಕೆಳಗಿನ ಮನೆ (ಯಾದಗಿರಿ)
ಇದನ್ನು ಓದಿ ಹೇಳಿದೆ. "ಕಗ್ಗತ್ತಲು ತೆಗೆಯುತ್ತೇನೆ, ಆದರೆ ಹಕ್ಕಿ ಇರಲಿ" ಅಂತ ಹಟ ಹಿಡಿದಿದ್ದಾಳೆ.

ಗಾಣಗಾಪುರ ಸಂಗಮ
ಹಕ್ಕಿ ಇರಲಿ ಬಿಡಿ. ಅಲ್ಲಿ ಕಾಗೆ ಮಾತ್ರ ಇದ್ದವು, ಅವಕ್ಕೆ ಬುತ್ತಿ ಮೇಲೆಯೇ ಕಣ್ಣು.

ಪಂಚಾಂಗ ಪ್ರಿಯ
ಎಲ್ಲರೂ ನಾಸಾ ನಾಸಾ ಅನ್ನುತ್ತಿದ್ದೀರಿ. ಲೇಸರ್ ಇಲ್ಲದ ಕಾಲದಲ್ಲೇ ನಮ್ಮವರು ಗ್ರಹಣ ಗುಣಿಸುತ್ತಿದ್ದರು. ಗ್ರಹಣ ಅಂದರೆ ನೆರಳು ಅಂತ ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ಹೇಳಿದ್ದಾನೆ. ಭಾಸ್ಕರಾಚಾರ್ಯ ನಮ್ಮ ವಿಜಯಪುರ ಕಡೆಯವನೇ. ಅದನ್ನೂ ಸ್ವಲ್ಪ ಹೇಳಿ.

ಸೇಡಂ ಕಲ್ಲು
ಭಾಸ್ಕರಾಚಾರ್ಯನ ಊರಿನ ಬಗ್ಗೆ ಮಹಾರಾಷ್ಟ್ರದವರೂ ಜಗಳಕ್ಕೆ ಬರುತ್ತಾರೆ, ಅದು ಇಲ್ಲಿ ಬೇಡ. ಉಳಿದಿದ್ದು ನೀವು ಹೇಳಿದ್ದು ಸರಿ, ಇನ್ನೂ ಒಂದು ಹೆಜ್ಜೆ ಮುಂದಿದೆ. ನಮ್ಮ ಮಳಖೇಡದ ರಾಷ್ಟ್ರಕೂಟರು, ಬಸವಕಲ್ಯಾಣದ ಚಾಲುಕ್ಯರು, ಇವರ ಕಾಲದ ಶಾಸನಗಳಲ್ಲಿ "ಸೂರ್ಯಗ್ರಹಣದಂದು ಭೂಮಿ ದಾನ ಕೊಟ್ಟೆವು" ಅಂತ ಎಷ್ಟೋ ಕಡೆ ಇದೆ. ಶಾಸನ ಓದುವವರು ಅದೇ ಗ್ರಹಣ ಹುಡುಕಿ ತಾರೀಖು ಹಿಡಿಯುತ್ತಾರೆ. ತಮಾಷೆ ಏನೆಂದರೆ, ನಮ್ಮ ದೇಶದಲ್ಲಿ ಕಾಣಿಸದೇ ಇದ್ದ ಗ್ರಹಣಕ್ಕೂ ಕೆಲವು ದಾನ ಇವೆ. ಅಂದರೆ ಕಣ್ಣಲ್ಲಿ ನೋಡಿ ಕೊಟ್ಟಿದ್ದಲ್ಲ, ಗುಣಿಸಿ ಕೊಟ್ಟಿದ್ದು. ಲೆಕ್ಕ ಇತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆದರೆ ಗ್ರಹಣ ಇದೆ ಅಂತ ಹೇಳುವುದು ಬೇರೆ, ಈ ಊರಿಗೆ ಇಷ್ಟು ಗಂಟೆಗೆ ಉಂಗುರವೇ ಕಾಣುತ್ತದೆ ಅಂತ ಹೇಳುವುದು ಬೇರೆ.

ಪಂಚಾಂಗ ಪ್ರಿಯ
ಈಗಿನ ದೃಗ್ಗಣಿತ (ಆಕಾಶದಲ್ಲಿ ಕಾಣುವುದಕ್ಕೆ ತಾಳೆಯಾಗುವಂತೆ ಗುಣಿಸಿದ) ಪಂಚಾಂಗದಲ್ಲಿ ನಿಮಿಷದ ತನಕ ಸರಿಯಾಗಿ ಬರುತ್ತದೆ ಸರ್.

ಸೇಡಂ ಕಲ್ಲು
ಬರುತ್ತದೆ. ಯಾಕೆಂದರೆ ಅವರು ಹೊಸ ಅಂಕಿ ತೆಗೆದುಕೊಂಡರು. ಅದು ಒಳ್ಳೆಯದೇ ಅಂತ ನಾನೂ ಹೇಳುತ್ತಿರುವುದು.

ಅಫಜಲಪುರದ ಸೊಸೆ
ಡಿಸೆಂಬರ್ 23 ಅಂದರೆ ಎಳ್ಳಮಾವಾಸ್ಯೆ ಆಗುತ್ತಾ? 2019ರದ್ದು ಎಳ್ಳಮಾವಾಸ್ಯೆ ಹೊತ್ತಲ್ಲೇ ಬಿತ್ತು. ಭಜ್ಜಿ, ಸಜ್ಜೆ ರೊಟ್ಟಿ, ಕಡಬು ಎಲ್ಲ ಕಟ್ಟಿಕೊಂಡು ಚರಗ ಚೆಲ್ಲೋಕೆ ಹೊಲಕ್ಕೆ ಯಾವಾಗ ಹೋಗಬೇಕು ಅಂತ ನಮ್ಮ ಅತ್ತೆ ಮಾವನ ನಡುವೆ ದೊಡ್ಡ ಪಂಚಾಯ್ತಿ. 3043ರಲ್ಲೂ ಅದೇ ಗೋಳಾ?

ಪಂಚಾಂಗ ಪ್ರಿಯ
ಇಲ್ಲ ಅಕ್ಕ. ಸಂಕ್ರಾಂತಿ ಇಂಗ್ಲಿಷ್ ತಾರೀಖಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತದೆ. ಸಾವಿರ ವರ್ಷಕ್ಕೆ 14 ದಿನ. ಮಕರ ಸಂಕ್ರಾಂತಿ ಆಗ ಜನವರಿ ಕೊನೆಗೆ. ಹಾಗಾಗಿ 3043ರ ಡಿಸೆಂಬರ್ 23ರದ್ದು ಮಾರ್ಗಶಿರದ ಅಮಾವಾಸ್ಯೆ ಅಲ್ಲ, ಕಾರ್ತಿಕದ್ದು. ನಮ್ಮ ಛಟ್ಟಿ ಅಮಾವಾಸ್ಯೆ. ಈಗಿನ ಲೆಕ್ಕವೇ ಮುಂದುವರಿದರೆ ಅಂತ ಇಟ್ಟುಕೊಳ್ಳಿ.

ಅಫಜಲಪುರದ ಸೊಸೆ
ಬದುಕಿದೆ. ಭಜ್ಜಿಗೆ ತೊಂದರೆ ಇಲ್ಲ.

ಲೆಕ್ಕದ ಮಾಸ್ತರ
ಪಂಚಾಂಗದವರೇ, ಇದು ಬರೋಬ್ಬರಿ ಲೆಕ್ಕ. ಭೇಷ್.

ಈಗ ಯಾದಗಿರಿ. ಕಾಣುತ್ತದೆ, ಕಾಣಲ್ಲ ಅಂತ ಖಚಿತವಾಗಿ ಯಾರೇ ಹೇಳಿದರೂ ನಂಬಬೇಡಿ. ಕಾರಣ ಚಂದ್ರ ಅಲ್ಲ, ನಾವು ನಿಂತ ನೆಲ. ಭೂಮಿ ತಿರುಗುವ ವೇಗ ಒಂದೇ ಸಮ ಇಲ್ಲ. ಸಮುದ್ರದ ಉಬ್ಬರ ಇಳಿತ ಅದನ್ನು ಹಿಡಿದು ಎಳೆಯುತ್ತದೆ, ಹಾಗಾಗಿ ಒಂದು ಶತಮಾನಕ್ಕೆ ದಿನ ಒಂದೂಮುಕ್ಕಾಲು ಮಿಲಿಸೆಕೆಂಡಿನಷ್ಟು ಉದ್ದ ಆಗುತ್ತದೆ. ಇಷ್ಟೇನಾ ಅನ್ನಬೇಡಿ. ಪ್ರತಿದಿನ ಅದು ಕೂಡುತ್ತಾ ಹೋಗುತ್ತದೆ. ಏರುಪೇರಿಲ್ಲದೆ ಓಡುವ ಗಡಿಯಾರಕ್ಕೂ ಭೂಮಿಯ ತಿರುಗುವಿಕೆಗೂ ಈಗ ಇರುವ ಅಂತರ ಸುಮಾರು 69 ಸೆಕೆಂಡು. ಕ್ರಿ.ಶ. 3000ದ ಹೊತ್ತಿಗೆ ಅದು 4400 ಸೆಕೆಂಡಿನ ಆಸುಪಾಸು ಅಂತ ಅಂದಾಜು. ಅಂದರೆ ಒಂದು ತಾಸು ದಾಟಿತು.

ಈ ಅಂದಾಜು ಹತ್ತು ನಿಮಿಷ ಆಚೀಚೆ ಆಯಿತು ಅಂದುಕೊಳ್ಳಿ. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಹತ್ತು ನಿಮಿಷಕ್ಕೆ ಎರಡೂವರೆ ಡಿಗ್ರಿ. ನಮ್ಮ ಸೀಮೆಯಲ್ಲಿ ಅದು ಸುಮಾರು 265 ಕಿ.ಮೀ. ಉಂಗುರ ಕಾಣುವ ಪಟ್ಟಿ ಕಲಬುರಗಿ ಬಿಟ್ಟು ಹೈದರಾಬಾದ್ ದಾಟಿ ಹೋಯಿತು. ಹಾಗಾಗಿ ಸಾವಿರ ವರ್ಷ ಮುಂದಿನ ಗ್ರಹಣಕ್ಕೆ ದಿನ ಹೇಳಬಹುದು, ಉಂಗುರ ಎಷ್ಟು ಹೊತ್ತು ಅಂತಲೂ ಹೇಳಬಹುದು, ಊರಿನ ಹೆಸರು ಮಾತ್ರ ಬರೆಯಬಾರದು.

ಬಿದರಿ ಕೆಲಸ
ಭೂಮಿ ನಿಧಾನ ಆಗುತ್ತಿದೆ ಅಂತ ಗೊತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿದರೆ ಆಯಿತಲ್ಲ ಮಾಸ್ತರೇ? ಇದರಲ್ಲಿ ಕಷ್ಟ ಏನು?

ಲೆಕ್ಕದ ಮಾಸ್ತರ
ಸೇರಿಸುತ್ತಾರೆ. ಆದರೆ ಅದು ಒಂದೇ ಗತಿಯಲ್ಲಿ ನಿಧಾನ ಆಗಲ್ಲ. ಹಿಮ ಕರಗಿ ನೀರು ಸಮಭಾಜಕದ ಕಡೆ ಹರಿದರೆ ಸ್ವಲ್ಪ ನಿಧಾನ. ಒಳಗಿನ ಕರಗಿದ ಕಬ್ಬಿಣದ ಹರಿವು ಬದಲಾದರೆ ಇನ್ನೊಂದು ಥರ. ಈಚೆಗೆ ಕೆಲವು ವರ್ಷ ಭೂಮಿ ಸ್ವಲ್ಪ ಚುರುಕೂ ಆಗಿದೆ, ಭೂಮಿಗೆ ಸರಿಹೊಂದಿಸಲು ಗಡಿಯಾರಕ್ಕೆ ಸೇರಿಸುವ ಲೀಪ್ ಸೆಕೆಂಡು 2016ರ ಕೊನೆಯ ನಂತರ ಬೇಕಾಗಿಲ್ಲ.

ಹಿಂದಿನದನ್ನು ಸರಿಪಡಿಸಿಕೊಳ್ಳಬಹುದು, ಯಾಕೆಂದರೆ ಬರೆದಿಟ್ಟಿದ್ದಾರೆ. ಕ್ರಿ.ಪೂ. 136ರಲ್ಲಿ ಬ್ಯಾಬಿಲೋನಿನವರು ಪೂರ್ಣ ಗ್ರಹಣ ನೋಡಿ ಮಣ್ಣಿನ ಹಲಗೆ ಮೇಲೆ ಬರೆದರು. ಭೂಮಿ ಸದಾ ಈಗಿನ ವೇಗದಲ್ಲೇ ತಿರುಗುತ್ತಿತ್ತು ಅಂತ ಗುಣಿಸಿದರೆ ಆ ನೆರಳು ಬ್ಯಾಬಿಲೋನಿಗೆ ಬೀಳುವುದೇ ಇಲ್ಲ, 48 ಡಿಗ್ರಿಗೂ ಜಾಸ್ತಿ ದೂರ ಬೀಳುತ್ತದೆ. ಆ ಅಂತರದಿಂದಲೇ ಭೂಮಿ ಎಷ್ಟು ನಿಧಾನ ಆಯಿತು ಅಂತ ಕಂಡುಹಿಡಿದರು. ಮುಂದಿನದಕ್ಕೆ ಇಂಥ ಹಲಗೆ ಎಲ್ಲಿಂದ ತರುವುದು?

ಸುರಪುರ ಸೀಮೆ
ನಮ್ಮ ಕಡೆ ಏನೂ ಬರಲ್ಲ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. 1868ರ ಆಗಸ್ಟ್ 18ರ ಪೂರ್ಣ ಗ್ರಹಣ ಜಮಖಂಡಿಯಿಂದ ಗುಂಟೂರಿನ ತನಕ ಹೋಯಿತು. ನಡುವೆ ನಮ್ಮ ಸುರಪುರವೇ. ಜಮಖಂಡಿಯಲ್ಲಿ ಇಂಗ್ಲಿಷರು ದೂರದರ್ಶಕ ಇಟ್ಟಿದ್ದರು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಕೂತಿದ್ದ. ಹೀಲಿಯಂ ಅನ್ನುವ ಧಾತು ಇದೆ ಅನ್ನುವ ಸುಳಿವು ಹುಟ್ಟಿದ್ದೇ ಆ ವರ್ಷದ ಸೂರ್ಯನ ಬೆಳಕಿನಿಂದ. 1980ರ ಫೆಬ್ರವರಿ 16ರದ್ದಂತೂ ಹುಬ್ಬಳ್ಳಿ, ರಾಯಚೂರು ಮೇಲೆಯೇ ಹೋಯಿತು.

ತೊಗರಿ ಕಣಜ
1980ರದ್ದು ನಮ್ಮ ಕಾಕಾ ಹೇಳುತ್ತಿದ್ದರು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿತ್ತಂತೆ. ಕಾಕಾ ಕಿಟಕಿ ಸಂದಿಯಿಂದ ಬಿದ್ದ ಬೆಳಕು ಗೋಡೆ ಮೇಲೆ ಕುಡುಗೋಲಿನ ಆಕಾರ ಆಗಿದ್ದು ನೋಡಿ ಅಜ್ಜಿಗೆ ತೋರಿಸಿ ಬೈಸಿಕೊಂಡರಂತೆ.

ಮಹಾಗಾಂವ ಡಾಕ್ಟರಮ್ಮ
ಬಾಗಿಲು ಹಾಕಿಕೊಂಡಿದ್ದು ಬಿಡಿ, ಅದರಿಂದ ಯಾರಿಗೂ ಪೆಟ್ಟಿಲ್ಲ. 2019ರ ಗ್ರಹಣದ ದಿನ ಕಲಬುರಗಿ ಹತ್ತಿರದ ಹಳ್ಳಿಯಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆ ತನಕ ಗುಂಡಿಯಲ್ಲಿ ಹೂತು ನಿಲ್ಲಿಸಿದ್ದರು, ವಾಸಿಯಾಗುತ್ತದೆ ಅಂತ. ದೇಶಕ್ಕೆಲ್ಲ ಸುದ್ದಿಯಾಯಿತು. ಆ ತಂದೆತಾಯಿಯನ್ನು ನಾನು ಬೈಯಲ್ಲ. ಫಿಸಿಯೋಥೆರಪಿ ಅನ್ನುವುದು ಊರ ಹತ್ತಿರ ಸಿಕ್ಕಿದ್ದರೆ ಅವರು ಗುಂಡಿ ತೋಡುತ್ತಿರಲಿಲ್ಲ. 3043ರ ವರ್ಣನೆ ಬರೆಯುವ ಹುಡುಗಿ ಇದನ್ನೂ ಒಂದು ಸಾಲು ಬರೆಯಲಿ, ಆಗ ಅಂಥ ಗುಂಡಿ ಇರಲ್ಲ ಅಂತ.

ಪಂಚಾಂಗ ಪ್ರಿಯ
ಇದನ್ನು ಯಾವ ಪಂಚಾಂಗವೂ ಹೇಳಿಲ್ಲ, ಅದನ್ನೂ ಬರೆಯಿರಿ.

ಮಹಾಗಾಂವ ಡಾಕ್ಟರಮ್ಮ
ಹೇಳಿಲ್ಲ, ಒಪ್ಪುತ್ತೇನೆ. ಹೀಗೆ ಮಾಡಬೇಡಿ ಅಂತಲೂ ಯಾರೂ ಜೋರಾಗಿ ಹೇಳಲಿಲ್ಲ.

ಇನ್ನೊಂದು ಮಾತು. ಕಂಕಣ ಗ್ರಹಣದಲ್ಲಿ ಒಂದು ಕ್ಷಣವೂ ಬರಿಗಣ್ಣಲ್ಲಿ ನೋಡುವ ಹಾಗಿಲ್ಲ. ಪೂರ್ಣ ಗ್ರಹಣದಲ್ಲಾದರೆ ಪೂರ್ತಿ ಮುಚ್ಚಿದ ಆ ಎರಡು ಮೂರು ನಿಮಿಷ ಕನ್ನಡಕ ತೆಗೆಯಬಹುದು. ಉಂಗುರ ಅಷ್ಟೇ ಇದ್ದರೂ ಕಣ್ಣಿನ ಪರದೆ ಸುಡುತ್ತದೆ, ನೋವೂ ಗೊತ್ತಾಗಲ್ಲ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿದ ಗಾಜು, ಬಿಸಿಲು ಕನ್ನಡಕ ಯಾವುದೂ ನಡೆಯಲ್ಲ. ಗ್ರಹಣದ ಕನ್ನಡಕ ಇಲ್ಲವೇ 14ನೇ ನಂಬರಿನ ವೆಲ್ಡಿಂಗ್ ಗಾಜು.

ಬಿದರಿ ಕೆಲಸ
3043 ಯಾರಿಗೆ ಬೇಕು? ನಾವು ಬದುಕಿರುವಾಗ ಏನಾದರೂ ಇದೆಯಾ ಹೇಳಿ.

ಸೇಡಂ ಕಲ್ಲು
ಇದೆ. ಒಂದು ಗ್ರಹಣ ಆದ ಮೇಲೆ 18 ವರ್ಷ 11 ದಿನ 8 ತಾಸಿಗೆ ಅದರದ್ದೇ ಬಳಗದ ಇನ್ನೊಂದು ಬರುತ್ತದೆ. ಇದಕ್ಕೆ ಸಾರೋಸ್ ಚಕ್ರ ಅನ್ನುತ್ತಾರೆ. ಆ 8 ತಾಸಿನಿಂದಾಗಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುತ್ತದೆ, ಗ್ರಹಣ ಬೇರೆ ಖಂಡಕ್ಕೆ ಬೀಳುತ್ತದೆ. ಮೂರು ಸಲ ಕಳೆದರೆ, ಅಂದರೆ 54 ವರ್ಷ ಒಂದು ತಿಂಗಳಿಗೆ, ಮತ್ತೆ ನಮ್ಮ ಕಡೆಗೇ ಬರುತ್ತದೆ. 1955ರ ಡಿಸೆಂಬರ್ 14, ಗರಿಷ್ಠ 12 ನಿಮಿಷ 9 ಸೆಕೆಂಡು. ಅದರ ಮೂರನೇ ತಲೆಮಾರು 2010ರ ಜನವರಿ 15, 11 ನಿಮಿಷ 8 ಸೆಕೆಂಡು. ಅದರ ಮೂರನೇದು 2064ರ ಫೆಬ್ರವರಿ 17, ಹತ್ತಿರ ಹತ್ತಿರ 9 ನಿಮಿಷ. ಶಿವರಾತ್ರಿ ಮುಗಿದ ಮೇಲಿನ ಅಮಾವಾಸ್ಯೆ. ದಾರಿ ಈ ಸಲ 2010ಕ್ಕಿಂತ ಉತ್ತರಕ್ಕೆ ಸರಿದಿರುತ್ತದೆ, ಭಾರತದ ಮೇಲೆಯೇ ಬರುತ್ತದೆ. ಕೋಟೆ ಸರ್, ನಿಮ್ಮ ಮಗಳು ಅದನ್ನು ನೋಡಬಹುದು. ನಕ್ಷೆ ತೆಗೆದು ಊರು ಹುಡುಕಲು ಹೇಳಿ, ಇದಕ್ಕೆ ಊರಿನ ಲೆಕ್ಕ ಗಟ್ಟಿಯಾಗಿಯೇ ಬರುತ್ತದೆ.

ಅಂದಹಾಗೆ ಈ ಬಳಗ 1613ರಲ್ಲಿ ಹುಟ್ಟಿದ್ದು, 2857ಕ್ಕೆ ಮುಗಿಯುತ್ತದೆ. 3043ರದ್ದು ಬೇರೆ ಬಳಗದ್ದು.

ಕೋಟೆ ಕೆಳಗಿನ ಮನೆ (ಯಾದಗಿರಿ)
ಮಗಳು ತೀರ್ಮಾನ ಮಾಡಿದ್ದಾಳೆ. ತಾರೀಖು 3043 ಇರಲಿ, ಊರು ಯಾದಗಿರಿಯೇ ಇರಲಿ, ಕೆಳಗೆ "ಭೂಮಿ ಒಪ್ಪಿದರೆ" ಅಂತ ಒಂದು ಸಾಲು ಹಾಕುತ್ತಾಳಂತೆ. ಮೇಷ್ಟ್ರು ಕೇಳಿದರೆ 265 ಕಿ.ಮೀ. ಲೆಕ್ಕ ಹೇಳುತ್ತಾಳಂತೆ.

ಲೆಕ್ಕದ ಮಾಸ್ತರ
ಪೂರ್ತಿ ಅಂಕ ಕೊಡುತ್ತೇನೆ.

ಬಿದರಿ ಕೆಲಸ
2064ಕ್ಕೆ ನಾನು ಇರಲ್ಲ ಅಣ್ಣ. ಇನ್ನೂ ಹತ್ತಿರದ್ದು?

ಗಾಣಗಾಪುರ ಸಂಗಮ
2031ರ ಮೇ 21. ಕೊಚ್ಚಿ, ಆಲಪ್ಪುಳ, ತೇನಿ, ಮಧುರೈ ದಾರಿ. ಬೇಸಿಗೆ ರಜೆ ಬೇರೆ. ನಾನು ಹೊರಟಿದ್ದೇನೆ, ಬರುವವರು ಬನ್ನಿ.

ಚಿಂಚೋಳಿ ಕಾಡು
ಕೊಚ್ಚಿ! ದೋಣಿ, ಮೀನು, ಗ್ರಹಣ. ನಾನು ರೆಡಿ.

ಗಾಣಗಾಪುರ ಸಂಗಮ
ಕೊಚ್ಚಿ ಬೇಡ. ಮೇ ಕೊನೆಯಲ್ಲಿ ಕೇರಳದ ಆಕಾಶ ನಂಬುವಂಥದ್ದಲ್ಲ, ಮಳೆಗಾಲದ ಮೋಡ ಬಾಗಿಲಲ್ಲೇ ನಿಂತಿರುತ್ತದೆ. ಘಟ್ಟದ ಆಚೆ ಮಧುರೈ ಕಡೆ ಅದಕ್ಕಿಂತ ವಾಸಿ. ಕಲಬುರಗಿಯಿಂದ ನಾಗರಕೋಯಿಲ್ ಗಾಡಿ ಹಿಡಿದರೆ ಆಯಿತು.

ಚಿಂಚೋಳಿ ಕಾಡು
ಮೇ ತಿಂಗಳಲ್ಲಿ ಮಧುರೈ ಬಿಸಿಲಿಗೆ ಹೋಗೋದಾದರೆ ಕಲಬುರಗಿಯಲ್ಲೇ ಕೂರಬಹುದಲ್ಲ ಅಣ್ಣ.

ಗಾಣಗಾಪುರ ಸಂಗಮ
ಕಲಬುರಗಿಯಲ್ಲಿ ಕೂತರೆ ಉಂಗುರ ಸಿಗಲ್ಲ, ಬರೀ ಬಿಸಿಲು ಸಿಗುತ್ತದೆ. ಹೆಸರು ಬರೆದುಕೊಳ್ಳಲಾ ಬೇಡವಾ ಅಷ್ಟು ಹೇಳಿ.

ತೊಗರಿ ಕಣಜ
ನನ್ನದೂ ಬರೆದುಕೊಳ್ಳಿ. ಬುತ್ತಿ ನಾನು ತರುತ್ತೇನೆ, ಕೆಕ್ಕರಿಸಿ ನೋಡುವವರ ಪಕ್ಕ ಮಾತ್ರ ಕೂರಿಸಬೇಡಿ.